ಮಾವಶಿಯ ಒಲೆಗೆ ರಜೆ ಇರಲಿಲ್ಲ

ಮುನ್ನೂರಾ ಎಪ್ಪತ್ತು ರೂಪಾಯಿ. ಮಿರಜಿನ ಒಂದು ಗುಜರಿ ಅಂಗಡಿಯಲ್ಲಿ ಈ ರೊಟ್ಟಿ ಹಂಚಿಗೆ ನಾನು ಕೊಟ್ಟ ಬೆಲೆ ಅದು. ಅಂಗಡಿಯವನು ಹೇಳಿದ್ದು ಐನೂರು. ಹಳೆಯ ಕಬ್ಬಿಣ, ಬೆನ್ನಿಗೆ ದಪ್ಪನಾಗಿ ಮಸಿ ಕಟ್ಟಿತ್ತು, ತಕ್ಕಡಿಯಲ್ಲಿ ಆ ಮಸಿಯೂ ಕಬ್ಬಿಣದ ದರಕ್ಕೇ ತೂಗಿತ್ತು.

"ಮಸಿಗೆ ನಾ ರೊಕ್ಕಾ ಕೊಡೂದಿಲ್ಲ" ಎಂದೆ.

"ಹಂಗಾರ ಮಸಿ ಕೆತ್ತಿ ಇಲ್ಲೇ ಇಟ್ಟು ಹೋಗ್ರಿ, ಶೇಟ" ಎಂದ ಅವನು.

ಚೌಕಾಸಿ ಮಾಡದೆ ನಾನು ಕೊತ್ತಂಬರಿ ಸೊಪ್ಪನ್ನೂ ಕೊಂಡವನಲ್ಲ. ಸಲಗರೆಯಿಂದ ಸಾಂಗ್ಲಿಗೆ ಹಮಾಲನಾಗಿ ಬಂದು, ಬೆನ್ನ ಮೇಲೆ ಅರಿಶಿನದ ಚೀಲ ಹೊತ್ತು, ಆಮೇಲೆ ದಲಾಲನಾದವನು ನಾನು. ಆದರೆ ಅವತ್ತು ಐನೂರೇ ಬೇಕು ಎಂದು ಅವನು ಹಟ ಹಿಡಿದಿದ್ದರೂ ಕೊಡುತ್ತಿದ್ದೆ. ಅದನ್ನು ಮುಖದಲ್ಲಿ ತೋರಿಸಲಿಲ್ಲ, ಅಷ್ಟೇ. ಹಂಚಿನ ಒಂದು ಹಿಡಿಕೆ ಮುರಿದು, ಆ ಜಾಗದಲ್ಲಿ ದಪ್ಪನೆಯ ಬೋಲ್ಟು ಕೂತಿತ್ತು. ಅರಿಶಿನ ಪಾಲಿಶ್ ಮಾಡುವ ಡ್ರಮ್ಮಿನ ಬೋಲ್ಟು ಅದು. ಹಾಕಿಸಿಕೊಟ್ಟವನೇ ನಾನು.

ಮನೆಗೆ ತಂದು ಉಜ್ಜಿ ಗ್ಯಾಸಿನ ಮೇಲಿಟ್ಟೆ. ಕಾದ ಮೇಲೆ ಸುಟ್ಟ ಜೋಳದ ಹಿಟ್ಟಿನ ವಾಸನೆ ಎದ್ದಿತು. ಎಷ್ಟು ಉಜ್ಜಿದರೂ ಕಬ್ಬಿಣದ ಒಳಗಿನದು ಹೋಗಿರಲಿಲ್ಲ… ಒಲೆಯ ಮುಂದೆ ಮಾವಶಿ ಬಂದು ಕುಳಿತಂತಾಯಿತು.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಆದರೆ ಅವರು ನನಗೆ ನೆಂಟರಲ್ಲ. ಪೇಟೆಗೆಲ್ಲ ಅವರು ಮಾವಶಿಯೇ. ಸಾಂಗ್ಲಿಯ ಅರಿಶಿನ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಖಾನಾವಳಿ ಇತ್ತು. ನಾಲ್ಕಾರು ಬೆಂಚು, ಒಂದು ಕಟ್ಟಿಗೆಯ ಒಲೆ, ಒಲೆಯ ಮುಂದೆ ಅವರು. ಜೋಳದ ರೊಟ್ಟಿ, ಝುಣಕ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆರಗ, ಲಿಂಗನೂರು ಕಡೆಯಿಂದ ಮಾಲು ತಂದ ರೈತರು ಅಲ್ಲಿಗೆ ಬಂದರೆ ಮೊದಲು ಕನ್ನಡದಲ್ಲಿ ನಾಲ್ಕು ಮಾತಾಡಿ ಆಮೇಲೆ ಕೈ ತೊಳೆಯುತ್ತಿದ್ದರು. ನಮ್ಮ ಮಕ್ಕಳನ್ನು ಮಾವಶಿ ಕನ್ನಡದಲ್ಲಿ ಬೈಯುತ್ತಿದ್ದರು, ಮಕ್ಕಳು ಮರಾಠಿಯಲ್ಲಿ ಇನ್ನೊಂದು ರೊಟ್ಟಿ ಕೇಳುತ್ತಿದ್ದರು.

ಮಹಾಪೂರದಲ್ಲಿ ಕೃಷ್ಣೆಯ ನೀರು ಆ ಓಣಿಗೂ ನುಗ್ಗಿತು. ಬೆಂಚು ತೇಲಿದವು, ಒಲೆ ಕರಗಿ ಮಣ್ಣಾಯಿತು. ಹಂಚಿನ ಹಿಡಿಕೆ ಮುರಿದದ್ದು ಆ ರಾಡಿ ತೆಗೆಯುವಾಗಲೇ. ಹೊಸ ಒಲೆ ಹಾಕಿ ಉಸಿರು ಬಿಡುವಷ್ಟರಲ್ಲಿ ಲಾಕ್‌ಡೌನ್ ಬಂತು. ಅದು ಮುಗಿದ ಮೇಲೆ ಖಾನಾವಳಿಯ ಬಾಗಿಲೇನೋ ತೆರೆಯಿತು, ಉಣ್ಣುವವರು ಬರಲಿಲ್ಲ. ಊರಿಗೆ ಹೋದ ಹಮಾಲರಲ್ಲಿ ಅರ್ಧಕ್ಕರ್ಧ ಮಂದಿ ಊರಲ್ಲೇ ಉಳಿದರು. ನಮ್ಮಂಥವರು ಫೋನಿನಲ್ಲಿ ಊಟ ತರಿಸುವುದನ್ನು ಕಲಿತಿದ್ದೆವು.

ಒಂದು ದಿನ ಪೇಟೆಯಲ್ಲಿ ಹರಾಜು ನಡೆದಿದ್ದಾಗ ಮಾವಶಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅರಿಶಿನದ ರಾಶಿಯ ಪಕ್ಕ ನಿಂತರು.

"ಏನ್ ಮಾವಶಿ, ಅರಿಷಿಣ ಕೊಳ್ಳಾಕ ಬಂದೀರೇನು?" ಎಂದು ಒಬ್ಬ ಕೆಣಕಿದ.

"ಅರಿಷಿಣ ಹಚಗೊಳ್ಳೂ ವಯಸ್ಸು ಮುಗದೈತೋ. ನಿಮ್ಮ ಹೊಟ್ಟಿ ನೋಡಾಕ ಬಂದೇನಿ, ಯಾರ ಮನ್ಯಾಗ ಬೆಳ್ಯಾಕತ್ತಾವ ಅಂತ." ಎಲ್ಲರೂ ನಕ್ಕರು. ನಗು ಅಡಗುವವರೆಗೂ ಅವರು ಕಾದರು. "ನನಗ ಪಟ್ಟಿ ಎತ್ತಬ್ಯಾಡ್ರಿ. ದಾನಾ ಬ್ಯಾಡ. ಉಣ್ಣಾಕ ಬರ್ರಿ. ಮಂದಿ ಉಂಡ್ರ ಒಲಿ ಉಳೀತೈತಿ, ಒಲಿ ಉಳದ್ರ ನಾ ಉಳೀತೇನಿ. ಇಷ್ಟ."

ಕೇಳುವುದಾದರೆ ಹೀಗೆ ಕೇಳಬೇಕು. ಕೈ ಚಾಚಿದರೆ ಜನ ಒಂದು ಸಲ ಕೊಟ್ಟು ಮರೆಯುತ್ತಾರೆ. ಮಾವಶಿ ನಮ್ಮ ಹಸಿವನ್ನೇ ಕೇಳಿದರು. ನಾನು ಅವತ್ತೇ ಅಂಗಡಿ ಅಂಗಡಿ ತಿರುಗಿ ಪಾಳಿ ಗೊತ್ತುಮಾಡಿದೆ. ಯಾವ ಅಂಗಡಿಗೆ ರೈತ ಮಾಲು ತರುತ್ತಾನೋ ಆ ಅಂಗಡಿಯವನು ಅವನನ್ನು ಮಾವಶಿಯಲ್ಲಿಗೇ ಕರೆದೊಯ್ಯಬೇಕು, ತಾನೂ ಜೊತೆಗೆ ಕೂತು ಉಣ್ಣಬೇಕು. ಕೆಲವೇ ವಾರಗಳಲ್ಲಿ ಬೆಂಚು ತುಂಬಿದವು. ಹೊರಗೆ ಜನ ನಿಂತು ಕಾಯತೊಡಗಿದರು.

ಆ ಗದ್ದಲವನ್ನು ಜಾಗದ ಮಾಲಕನೂ ಕಂಡ. ಅವನೂ ಒಂದು ಕಾಲಕ್ಕೆ ಅರಿಶಿನದ ವ್ಯಾಪಾರಿಯೇ. ಬಂದು ಕೂತು, ಎರಡು ರೊಟ್ಟಿ ಉಂಡು, ತೇಗಿ, ಬಾಡಿಗೆಯ ಮಾತು ತೆಗೆದ. ಮೊಬೈಲ್ ಅಂಗಡಿ ಹಾಕುವವನೊಬ್ಬ ಈಗಿನದರ ಮೂರು ಪಟ್ಟು ಕೊಡಲು ಸಿದ್ಧನಿದ್ದಾನೆ ಎಂದ. ನಾವು ಮಾಡಿದ ಸಹಾಯ ಮಾವಶಿಯ ಕುತ್ತಿಗೆಗೇ ಬಂದಿತ್ತು.

"ಮಾವಶಿ, ಈ ಮಾತುಕತಿ ನನಗ ಬಿಡ್ರಿ" ಎಂದೆ.

"ನಿನ್ನ ಕೈ ಅರಿಷಿಣಕ್ಕ ಬೇಶ್ ಐತಿ. ಇದು ನನ್ನ ಒಲಿ" ಎಂದರು.

ಇಲ್ಲಿ ನಮ್ಮ ಪೇಟೆಯ ಒಂದು ರೂಢಿಯನ್ನು ಹೇಳಬೇಕು. ಹಿಂದೆ ಅರಿಶಿನದ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇಬ್ಬರ ಕೈ ಮೇಲೆ ಒಂದು ಟವೆಲ್ ಹಾಸಿ, ಅದರ ಕೆಳಗೆ ಬೆರಳು ಒತ್ತಿ ದರ ಹೇಳುತ್ತಿದ್ದರು. ಹೀಗೆ ಕೊಟ್ಟ ಮಾತಿಗೆ ಸಾಕ್ಷಿ ಬೇಡ, ಸಹಿ ಬೇಡ, ಅದನ್ನು ಹಿಂದೆಗೆದುಕೊಂಡವನು ಪೇಟೆಯಲ್ಲಿ ಉಳಿಯುತ್ತಿರಲಿಲ್ಲ. ಇನ್ನೊಂದು ನಿಯಮವೂ ಇತ್ತು. ಕೈ ಬಟ್ಟೆಯ ಅಡಿಯಲ್ಲಿರುವಾಗ ಬಾಯಿಂದ ಬಂದ ಮಾತೂ ಆ ವ್ಯವಹಾರಕ್ಕೇ ಸೇರುತ್ತದೆ. ಅದಕ್ಕೇ ಹಳೆಯ ದಲಾಲರು ಆ ಹೊತ್ತಿನಲ್ಲಿ ಮಳೆ ಬಂತೇ ಎಂದೂ ಕೇಳುತ್ತಿರಲಿಲ್ಲ.

ಮಾವಶಿಯ ಅಪ್ಪ ಈ ಪೇಟೆಯಲ್ಲೇ ವ್ಯಾಪಾರ ಮಾಡಿದವರು. ಅಪ್ಪನಿಂದ ಮಾವಶಿಗೂ ಇದೆಲ್ಲ ಗೊತ್ತಿತ್ತು. ರೊಟ್ಟಿ ಮುಚ್ಚುವ ಬಟ್ಟೆಯನ್ನೇ ತೆಗೆದು ಮಾಲಕನ ಕೈ ಮೇಲೆ ಹಾಸಿ, ತಮ್ಮ ಕೈಯನ್ನೂ ಒಳಗಿಟ್ಟರು. ಬೆಂಚಿನವರೆಲ್ಲ ತುತ್ತು ನಿಲ್ಲಿಸಿ ನೋಡಿದೆವು. ಬಟ್ಟೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಜೀವಮಾನವೆಲ್ಲ ರೊಟ್ಟಿ ಬಡಿದ ಬೆರಳುಗಳು. ಮಾಲಕನ ಹಣೆ ಬೆವರಿತು. ಕೊನೆಗೆ ಅವನು ಜೋರಾಗಿ ನಕ್ಕು, "ಠೀಕ್ ಆಹೆ ಮಾವಶಿ, ಪಣ್ ಚೂಲ್ ವಿಝ್‌ಲೀ ಕೀ ಜಾಗಾ ಮಾಝೀ!" ಎಂದ. ಆಯಿತು, ಆದರೆ ಒಲೆ ಆರಿದ ದಿನ ಜಾಗ ನನ್ನದು ಎಂದು.

ಎಲ್ಲರೂ ನಕ್ಕೆವು. ನಾನು ತೊಡೆ ತಟ್ಟಿದೆ. ಬಾಡಿಗೆ ಹಳೆಯದೇ ಉಳಿಯಿತೆಂದು ಓಣಿಯಲ್ಲಿ ಪೇಢೆ ಹಂಚಿದರು. ಮಾವಶಿ ನಗಲಿಲ್ಲ. ಕೈ ಹೊರಗೆಳೆದು, ಬಟ್ಟೆ ಕೊಡವಿ ರೊಟ್ಟಿಯ ಮೇಲೆ ಮುಚ್ಚಿದರು. ದಣಿದಿರಬೇಕು ಎಂದುಕೊಂಡೆ…

ಆಮೇಲೆ ಒಂದು ದಿನವೂ ಖಾನಾವಳಿ ಮುಚ್ಚಲಿಲ್ಲ. ಅಮಾವಾಸ್ಯೆಗೆ ಪೇಟೆ ಮುಚ್ಚಿದರೂ ಅವರ ಓಣಿಯಲ್ಲಿ ಹೊಗೆ ಏಳುತ್ತಿತ್ತು. ಜ್ವರ ಬಂದರೂ ಒಲೆಯ ಮುಂದೆಯೇ. ಆರಗದಲ್ಲಿ ಅವರ ಅಕ್ಕ ಇದ್ದರು, ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದರು. ಆ ಕಡೆಯ ರೈತರು ಬಂದಾಗಲೆಲ್ಲ, "ನಿಮ್ಮಕ್ಕ ನಿಮ್ಮ ಹೆಸರ ತಗೀತಾರ್ರಿ, ಒಮ್ಮೆ ಬಂದ ಹೋಗ್ರಿ" ಎನ್ನುತ್ತಿದ್ದರು. "ಬರ್ತೇನಿ, ಬರ್ತೇನಿ" ಎನ್ನುತ್ತ ಮಾವಶಿ ಇನ್ನೊಂದು ಹಿಟ್ಟಿನ ಉಂಡೆ ಹಿಡಿಯುತ್ತಿದ್ದರು.

ಆರಗ ಅಂದರೆ ಎಷ್ಟು ದೂರ? ಮಿರಜಿನಲ್ಲಿ ಬಸ್ಸು ಬದಲಿಸಿದರೆ ಆಯಿತು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಹೆಂಗ ಹೋಗಲೋ? ಒಲಿ ಆರಿದ ದಿನಾ ಜಾಗಾ ಅವರದು."

"ಅದು ಚೇಷ್ಟಿ ಮಾವಶಿ! ನಗಾಕ ಅಂದದ್ದು."

"ಅವರ ಕೈ ಎಲ್ಲಿತ್ತು ಆವಾಗ?" ಎಂದು ಕೇಳಿದರು. ಬಟ್ಟೆಯ ಅಡಿಯಲ್ಲೇ ಇತ್ತು.

ನಾನು ನೇರ ಮಾಲಕನ ಮನೆಗೆ ಹೋದೆ. ಅವನಿಗೆ ಆ ಮಾತಿನ ನೆನಪೇ ಇರಲಿಲ್ಲ! "ಮೀ ಅಸಂ ಮ್ಹಟ್ಲಂ?" ನಾನು ಹಾಗಂದೆನೇ ಎಂದು ಬೆರಗಾದ. ಮನುಷ್ಯ ಕೆಟ್ಟವನಲ್ಲ. ಆಗಲೇ ಎದ್ದು ನನ್ನ ಜೊತೆ ಬಂದ, ಆ ಮಾತು ವಾಪಸ್ಸು ಎಂದು ಮಾವಶಿಗೆ ಹೇಳಿದ.

"ಬಾಯಿಲೆ ವಾಪಸ್ ತಗೊಂಡ್ರ ನಡ್ಯಾಂಗಿಲ್ರಿ" ಎಂದರು ಮಾವಶಿ. "ಕೊಟ್ಟದ್ದು ಅರಿವಿ ಕೆಳಗ."

ಅದಕ್ಕೇನಂತೆ ಎಂದು ಅವನು ಹೆಗಲ ಟವೆಲ್ ತೆಗೆದು ಬೆಂಚಿನ ಮೇಲೆ ಹಾಸಿ, ತನ್ನ ಕೈಯನ್ನು ಅದರಡಿ ಇಟ್ಟು ಕಾದ. ಮಾವಶಿ ಎದ್ದು ಬಂದರು. ಹಿಟ್ಟಿನ ಕೈ ಟವೆಲ್ಲಿನ ಅಂಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಕೈ ಹಿಂದೆಗೆದು ಒಲೆಯ ಮುಂದೆ ಹೋಗಿ ಕೂತರು. ಟವೆಲ್ಲಿನ ಅಂಚಿಗೆ ಒಂದಿಷ್ಟು ಜೋಳದ ಹಿಟ್ಟು ಉಳಿದಿತ್ತು. ಮಾಲಕ ಅದನ್ನು ಕೊಡವದೆ ಮಡಚಿಕೊಂಡು ಹೋದ.

"ಯಾಕ ಮಾವಶಿ?" ಎಂದೆ.

"ನೀ ದಲಾಲ ಅದಿಯೋ ಇಲ್ಲೋ? ಕೈ ಹಾಕಿದ್ರ ಗಂಟು ಪೂರಾ ಬಿಚ್ಚತೈತಿ. ಬಾಡಗಿನೂ ಹೊಸಾದು. ಅರ್ಧಾ ಬಿಚ್ಚೂ ಗಂಟು ಎಲ್ಲೈತಿ ಹೇಳು?"

ಎಲ್ಲಿಯೂ ಇಲ್ಲ. ಹಳೆಯ ಬಾಡಿಗೆ ಮತ್ತು ಆರದ ಒಲೆ ಒಂದೇ ಚೀಲದ ಮಾಲು. ಒಂದನ್ನು ಸುರಿದರೆ ಇನ್ನೊಂದೂ ಸುರಿಯುತ್ತದೆ.

ಆದರೆ ನಾನೂ ಸುಮ್ಮನೆ ಬಿಡುವವನಲ್ಲ. ರಾತ್ರಿಯೆಲ್ಲ ಯೋಚಿಸಿ ಮರುದಿನ ಒಂದು ಸಂದು ಹುಡುಕಿ ತಂದೆ. ಒಲೆ ಆರಬಾರದು ಎಂದಷ್ಟೇ ಮಾಲಕ ಅಂದದ್ದು. ಅದನ್ನು ಮಾವಶಿಯೇ ಹಚ್ಚಬೇಕು ಎಂದು ಎಲ್ಲಿ ಹೇಳಿದ? ಮಾವಶಿ ಕೈಯ ಹಿಟ್ಟು ಕೊಡವಿದರು. "ಇಷ್ಟ ದಿನಾ ಎಲ್ಲಿ ಇಟ್ಟಿದ್ದ್ಯೋ ಈ ಶ್ಯಾಣ್ಯಾತನಾ?" ಎಂದರು. ಅವರ ಮುಖ ಅಷ್ಟು ಸಡಿಲವಾದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಇಳಕಲ್ ಸೀರೆ ಉಟ್ಟು, ಅಕ್ಕನಿಗೆಂದು ಶೇಂಗಾ ಹೋಳಿಗೆ ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆಯ ಬಸ್ಸಿಗೆ ಹೊರಟರು. ಒಲೆಯ ಮುಂದೆ ನಾನು ಕೂತೆ, ನೆರವಿಗೆ ಇಬ್ಬರು ಹಮಾಲರು. ನಾನು ಬಡಿದ ರೊಟ್ಟಿಯನ್ನು ಒಬ್ಬ ಎತ್ತಿ ಹಿಡಿದು, "ಶೇಟ, ಇದು ರೊಟ್ಟಿಯೋ, ಕರ್ನಾಟಕದ ನಕಾಶಿಯೋ?" ಎಂದ.

"ನಮ್ಮ ಕಡೇದ ಗಡಿ ಹರದೈತಿ ನೋಡು" ಎಂದ ಇನ್ನೊಬ್ಬ.

ಮಧ್ಯಾಹ್ನದ ಪಂಕ್ತಿ ಏಳುವ ಮೊದಲೇ ಮಾವಶಿ ಬಾಗಿಲಲ್ಲಿ ನಿಂತಿದ್ದರು.

"ಮಿರಜಿ ಸ್ಟ್ಯಾಂಡಿನ ಮಟಾ ಸುಟ್ಟ ವಾಸನಿ ಬಂತೋ. ಮಂದಿ ಸಾಯ್ತಾರಂತ ಓಡಿ ಬಂದೆ."

ಬೆಂಚುಗಳೆಲ್ಲ ನಕ್ಕವು. ಅವರು ಮೂಲೆಯಲ್ಲಿ ಕೂತರು, ಹೋಳಿಗೆಯ ಚೀಲ ಮಡಿಲಲ್ಲೇ ಇತ್ತು. ಆರಗದ ಬಸ್ಸು ಬಂದಿತ್ತಂತೆ. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದರಂತೆ. "ಇನ್ನೊಂದ ಕಾಲ ಏಳಲಿಲ್ಲೋ" ಎಂದರು, ನನಗೊಬ್ಬನಿಗೆ ಕೇಳುವಂತೆ. ನಾನು ಹುಡುಕಿದ ಸಂದು ಮಾತಿನಲ್ಲಿತ್ತು. ಅವರ ಕಾಲು ಅದರಲ್ಲಿ ಹಿಡಿಯಲಿಲ್ಲ.

ಕಡೆಗೆ ಅಕ್ಕನೇ ಬಂದರು. ಮಾಲು ತರುವ ಟೆಂಪೋದಲ್ಲಿ ಹಾಸಿಗೆ ಹಾಕಿ ಮಲಗಿಸಿ ತಂದಿದ್ದರು. ಒಲೆಯ ಪಕ್ಕ ಚೀಲಗಳಿಗೆ ಒರಗಿಸಿ ಕೂರಿಸಿದೆವು.

"ಏ, ಏಳ. ನಡಿ ನನ್ನ ಕೂಡ. ಒಂದ ರಾತ್ರಿ ಮಲಗಿ ಬರುವಂತಿ."

"ಹಂಚಿನ ಮ್ಯಾಲಿಂದು ಇಳೀಲಿ ಅಕ್ಕಾ, ಬರ್ತೇನಿ."

ಅದು ಇಳಿಯುವ ಮೊದಲೇ ಕೈಯಲ್ಲಿ ಇನ್ನೊಂದು ಸಿದ್ಧವಾಗಿರುತ್ತಿತ್ತು. ಸಂಜೆ ಟೆಂಪೋ ತಿರುಗಿ ಹೋಗುವವರೆಗೂ ಹಂಚು ಬರಿದಾಗಲಿಲ್ಲ… ಆ ಮಳೆಗಾಲದಲ್ಲಿ ಅಕ್ಕ ತೀರಿಕೊಂಡ ಸುದ್ದಿ ಬಂತು. ಮಾವಶಿ ಅವತ್ತೂ ಒಲೆ ಹಚ್ಚಿದರು.

ಮುಂದಿನ ಬೇಸಿಗೆಯಲ್ಲಿ ಮಾವಶಿಯನ್ನು ಮಿರಜಿನ ಆಸ್ಪತ್ರೆಗೆ ಸೇರಿಸಿದೆವು. ನೋಡಲು ಹೋದವರನ್ನೆಲ್ಲ ಅವರು ಕೇಳುತ್ತಿದ್ದದ್ದು ಒಂದೇ. "ಒಲಿ?" "ಹತ್ತೇತ್ರಿ ಮಾವಶಿ" ಎನ್ನುತ್ತಿದ್ದೆವು. ಸುಳ್ಳಲ್ಲ, ಪೇಟೆಯವರು ಪಾಳಿ ಹಾಕಿಕೊಂಡು ಹಚ್ಚುತ್ತಿದ್ದೆವು. ಅವರು ಹೋದ ದಿನ ಒಬ್ಬ ಹಮಾಲ ಕಡ್ಡಿಪೆಟ್ಟಿಗೆ ಹಿಡಿದು ನನ್ನ ಮುಖ ನೋಡಿದ. ಬೇಡ ಎಂದೆ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಾವಶಿಗೆ ಇದ್ದ ಮನೆ ಅದೊಂದೇ. ಮಾಲಕ ಬಂದ, ಟೊಪ್ಪಿಗೆ ತೆಗೆದು ತಣ್ಣಗಿನ ಒಲೆಯ ಮುಂದೆ ನಿಂತು ಹೋದ. ಈಗ ಅಲ್ಲಿ ಮೊಬೈಲ್ ಕವರುಗಳು ತೂಗುತ್ತವೆ. ಪಾತ್ರೆಗಳನ್ನು ಅಕ್ಕನ ಮನೆಯವರು ಗುಜರಿಗೆ ಹಾಕಿದರು. ಹಂಚು ಹೀಗೆ ನನ್ನ ಕೈಗೆ ಬಂತು. ಅದರ ಮೇಲೆ ನಾನು ರೊಟ್ಟಿ ಮಾಡುತ್ತೇನೆ, ಗಡಿ ಈಗಲೂ ಹರಿಯುತ್ತದೆ. ಬೈಯುವವರಿಲ್ಲ.

ಕೇಳದಿದ್ದರೂ ಹೇಳುತ್ತೇನೆ, ದಲಾಲನ ಚಟ. ನಿಮ್ಮ ಓಣಿಯಲ್ಲೂ ಇಂಥದೊಂದು ಖಾನಾವಳಿ ಕಷ್ಟದಲ್ಲಿದ್ದರೆ ಪಟ್ಟಿ ಎತ್ತಬೇಡಿ, ಹೋಗಿ ಉಣ್ಣಿ. ಜನ ಬಾರದ ವಾರದಲ್ಲಿ ಹೋಗಿ, ಜನ ಮುತ್ತಿದಾಗ ಜಾಗ ಬಿಟ್ಟುಕೊಡಿ. ಬಾಡಿಗೆಯ ಮಾತಿಗೆ ಕೂರುವುದಾದರೆ ದರಕ್ಕಿಂತ ಮೊದಲು ರಜೆ ಕೇಳಿ. ವಾರಕ್ಕೊಂದು ದಿನ, ಹಬ್ಬಕ್ಕೆ, ಕಾಯಿಲೆಗೆ, ಅಕ್ಕನ ಊರಿಗೆ. ದರ ಆಮೇಲೆ ಇಳಿಸಬಹುದು, ರಜೆ ಆಮೇಲೆ ಸಿಗುವುದಿಲ್ಲ. ಕೈ ಬಟ್ಟೆಯ ಕೆಳಗಿರುವಾಗ ಯಾರನ್ನೂ ನಗಲು ಬಿಡಬೇಡಿ. ಹಳೆಯ ಹಂಚು ಕೊಳ್ಳುವವರು ಮಸಿ ಕೆತ್ತಿಸಿಯೇ ತೂಗಿಸಿ. ಮನೆಗೆ ತಂದ ಮೇಲೆ, ರೊಟ್ಟಿ ಮುಗಿದ ಕೂಡಲೇ ಅದನ್ನು ಕೆಳಗಿಳಿಸಿಡಿ. ತಣ್ಣಗಾದರೆ ಕಬ್ಬಿಣ ಕೆಡುವುದಿಲ್ಲ.