‘ಯಾರೂ ಬೇಡ’ ಮೂಲೆಯ ಆರ್ಡಿತ್

ಆರ್ಡಿತ್ ಸೊಬೊಟ್ಕಾಗೆ ಎಪ್ಪತ್ತೊಂದು ವರ್ಷ. ಇಪ್ಪತ್ತಾರು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಊರಿನಲ್ಲಿ ಐವತ್ತು ದಾಟದವರೆಲ್ಲ ಅವಳು ಬಡಿಸಿದ ಆಲೂಗಡ್ಡೆ ತಿಂದು ಬೆಳೆದವರು. ಯಾರು ಬಟಾಣಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು, ಯಾರು ಅದನ್ನು ಪಕ್ಕದವನ ಜೇಬಿಗೆ ಹಾಕುತ್ತಿದ್ದರು, ಅವಳಿಗೆ ನೆನಪಿದೆ. ಮನುಷ್ಯರನ್ನು ಅಳೆಯಲು ಅವಳಿಗೆ ಅಷ್ಟು ಸಾಕಿತ್ತು.

ಗಂಡ ಮಿಲೋ ಅಕ್ಟೋಬರಿನಲ್ಲಿ ಹೋದ. ಜೋಳದ ಕಟಾವು ಇನ್ನೂ ಮುಗಿದಿರಲಿಲ್ಲ. ಬೆಳಿಗ್ಗೆ ಬೂಟು ಹಾಕಿಕೊಳ್ಳಲು ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಒಂದು ಬೂಟು ಹಾಕಿಯಾಗಿತ್ತು.

ಆ ವರ್ಷ ಅಮೆರಿಕದ ಅಧ್ಯಕ್ಷ ಪದವಿಗೆ ನಿಲ್ಲಲು ಪಕ್ಷದೊಳಗೇ ಮೂವರು ಹೊಡೆದಾಡುತ್ತಿದ್ದರು. ಗವರ್ನರ್ ಟಾಲಿವರ್, ಸೆನೆಟರ್ ಬ್ರೆಕ್ಕನ್, ಮತ್ತೆ ಹಾಸಿಗೆ ಮಾರಿ ಶ್ರೀಮಂತನಾದ ಕ್ವಿಲ್. ಮೊದಲ ಎಣಿಕೆ ಈ ಅಯೋವಾ ರಾಜ್ಯದ್ದೇ ಆದ್ದರಿಂದ ಮೂವರೂ ಬೇಸಿಗೆಯಿಂದಲೇ ಇಲ್ಲಿ ಬಿಡಾರ ಹೂಡಿದ್ದರು. ಕೆಫೆಗೆ ಬರುವುದು, ಅಂಗಿಯ ತೋಳು ಮಡಿಸುವುದು, ಹಂದಿಮಾಂಸದ ಸ್ಯಾಂಡ್‌ವಿಚ್ ಕಚ್ಚುವುದು, ಫೋಟೋ ತೆಗೆದದ್ದೇ ಅದನ್ನು ಕೆಳಗಿಡುವುದು. ಅರ್ಧ ತಿಂದು ಬಿಡುವವರನ್ನು ಆರ್ಡಿತ್ ಎಂದೂ ನಂಬಿದವಳಲ್ಲ.

ಮಿಲೋ ಹಾಗಲ್ಲ. ಅವನಿಗೆ ಯಾರಿಗೂ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ‘ನನ್ನ ಬೆಂಬಲ ನಿಮಗೇ’ ಎಂದು ಅಚ್ಚು ಹಾಕಿದ ಚೀಟಿಗೆ ಗವರ್ನರ್ ಕಡೆಯವರು ಸಹಿ ಕೇಳಿದರು, ಹಾಕಿದ. ಸೆನೆಟರ್ ಕಡೆಯವರು ಕೇಳಿದರು, ಹಾಕಿದ. ಕ್ವಿಲ್‌ನ ಚೀಟಿಗೂ ಹಾಕಿದ.

“ಮೂರು ಜನಕ್ಕೂ ಮಾತು ಕೊಟ್ಟು ಬಂದಿದೀಯಲ್ಲ, ನಾಚ್ಕೆ ಆಗಲ್ವಾ?” ಎಂದು ಆರ್ಡಿತ್ ಕೇಳಿದ್ದಳು.

“ಪಾಪ, ಅಷ್ಟು ದೂರದಿಂದ ಬಂದಿದಾರೆ ಕಣೇ,” ಎಂದಿದ್ದ.

ಆಮೇಲೆ ಎರಡು ತಿಂಗಳಿಗೆ ಅವನು ಸತ್ತ. ಆದರೆ ಮೂವರ ಪಟ್ಟಿಯಲ್ಲೂ ಅವನು ಗಟ್ಟಿ ಬೆಂಬಲಿಗನಾಗಿ ಉಳಿದ. ಫೋನು ಶುರುವಾಯಿತು. ದಿನಕ್ಕೆ ಆರು, ಏಳು.

“ಹಲೋ, ಮಿಲೋ ಇದಾರಾ?”

“ಇಲ್ಲ.”

“ಯಾವಾಗ ಸಿಗ್ತಾರೆ?”

“ಸಿಗಲ್ಲ. ಸತ್ತಿದಾನೆ.”

“ಓ, ಕ್ಷಮಿಸಿ. ಹಾಗಾದ್ರೆ ಸಂಜೆ ಮಾಡ್ಲಾ?”

ಮಾಡುತ್ತಿದ್ದರು. ಸಂಜೆ ಬೇರೆ ದನಿ, ಅದೇ ಪ್ರಶ್ನೆ. ಬೆಳಿಗ್ಗೆಯಿಂದ ಹೇಗೋ ಸುಮ್ಮನಿದ್ದ ಎದೆ ಒಂದೊಂದು ಫೋನಿಗೂ ಹೊಸದಾಗಿ ಹಾರುತ್ತಿತ್ತು. ಅವಳು ಪಕ್ಷದ ಕಚೇರಿಗೆ ಮೂರು ಕಾಗದ ಬರೆದಳು. ಗಂಡ ಇಲ್ಲ, ಹೆಸರು ತೆಗೆಯಿರಿ, ಅಷ್ಟೇ. ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಬಂತು: ‘ಪ್ರಿಯ ಮಿಲೋ, ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ವಂದನೆಗಳು.’

ಪಕ್ಕದ ಮನೆಯ ವರ್ನಾ ರೀಹಾ ಕಾಗದ ಓದಿ ನಗು ತಡೆಯಲು ಕೆಮ್ಮಿದಳು. ವರ್ನಾ ಗವರ್ನರ್ ಕಡೆಯವಳು, ಕೋಟಿನ ಮೇಲೆ ಅವನ ಮುಖದ ಬಿಲ್ಲೆ.

“ಸೋಮವಾರ ಕಾಕಸ್‌ಗೆ ಬಾರೇ. ಪಟ್ಟಿ ಅಲ್ಲೇ ಇರತ್ತೆ. ಸಭೆ ನಡೆಸೋ ಡ್ವೇನ್‌ಗೆ ಹೇಳು, ಮಿಲೋ ಹೆಸರ ಮೇಲೆ ಎದುರಿಗೇ ಗೆರೆ ಎಳೆಸು. ಹಾಗೇ ನಮ್ಮ ಗವರ್ನರ್ ಮೂಲೇಲಿ ನಿಂತ್ಕೊ.”

“ಗೆರೆ ಎಳೆಸೋಕೆ ಬರ್ತೀನಿ. ನಿನ್ನ ಗವರ್ನರ್ ಅರ್ಧ ಸ್ಯಾಂಡ್‌ವಿಚ್ ಬಿಸಾಕ್ದ.”

ಸೋಮವಾರ ಹಿಮ ಮೊಣಕಾಲುದ್ದ ಇತ್ತು. ಆರ್ಡಿತ್ ಮಿಲೋನ ಟ್ರಕ್ಕು ತೆಗೆದುಕೊಂಡು ಶಾಲೆಯ ಜಿಮ್ಮಿಗೆ, ಮಕ್ಕಳು ಆಡುವ ದೊಡ್ಡ ಹಾಲಿಗೆ, ಹೋದಳು. ಕಾಕಸ್ ಅಂದರೆ ಪಕ್ಷದವರ ಊರಸಭೆ; ಚೀಟಿ ಹಾಕುವ ಬದಲು ತಮಗೆ ಬೇಕಾದವನ ಮೂಲೆಯಲ್ಲಿ ನಿಂತು ತಲೆ ಎಣಿಸಿಕೊಳ್ಳುವುದು. ಹತ್ತು ಜನ ಸೇರುವ ಕಡೆ ಬರಿಗೈಯಲ್ಲಿ ಹೋಗಿ ಗೊತ್ತಿಲ್ಲದವಳು, ಎರಡು ತಟ್ಟೆ ಕೊಲಾಚೆ ಮಾಡಿಕೊಂಡಿದ್ದಳು. ಒಂದರಲ್ಲಿ ಗಸಗಸೆ ತುಂಬಿದ ಸಿಹಿ ಬನ್ನು, ಇನ್ನೊಂದರಲ್ಲಿ ಒಣದ್ರಾಕ್ಷಿಯದು.

ಬಾಗಿಲ ಬಳಿ ಮೇಜು ಹಾಕಿಕೊಂಡು ಡ್ವೇನ್ ಕೆಸೆಲ್ ಕೂತಿದ್ದ. ವಿಮೆ ಮಾರುವವನು, ಸಭೆಯ ಅಧ್ಯಕ್ಷ. ಬಟಾಣಿಯನ್ನು ಪಕ್ಕದವನ ಜೇಬಿಗೆ ಹಾಕುತ್ತಿದ್ದವರಲ್ಲಿ ಅವನೂ ಒಬ್ಬ. ಅವನ ಪಟ್ಟಿಯಲ್ಲಿ ಆರ್ಡಿತ್ ಸೊಬೊಟ್ಕಾ, ಅದರ ಕೆಳಗೇ ಮಿಲೋ ಸೊಬೊಟ್ಕಾ.

“ಅದನ್ನ ಹೊಡೆದು ಹಾಕು,” ಎಂದಳು.

“ಮಿಸೆಸ್ ಸೊಬೊಟ್ಕಾ, ನಾನು ಹಾಗೆಲ್ಲ ಗೆರೆ ಎಳೆಯೋ ಹಾಗಿಲ್ಲ. ಬಂದೋರಿಗೆ ಟಿಕ್ ಹಾಕೋದಷ್ಟೇ ನನ್ನ ಕೆಲಸ. ಪಟ್ಟಿ ಮೇಲಿಂದ ಬರತ್ತೆ.”

“ನೀನು ಅವನ ಹೆಣ ಹೊತ್ತೋನು ಕಣೋ ಡ್ವೇನ್.”

“ಹೊತ್ತಿದೀನಿ. ಭಾರನೂ ಇದ್ದ. ಆದ್ರೂ ಆಗಲ್ಲ.” ಅವನ ಕಿವಿ ಕೆಂಪಾಯಿತು. “ಮಾರ್ಚಲ್ಲಿ ಕೌಂಟಿ ಸಮ್ಮೇಳನ ಇದೆ, ಸುತ್ತಿನ ಊರೂರಿಂದ ಪ್ರತಿನಿಧಿಗಳು ಬರ್ತಾರೆ. ಅಲ್ಲಿ ಪ್ರತಿನಿಧಿಗಳು ಎದ್ದು ಹೇಳಿದ್ರೆ ತೆಗೀಲೇಬೇಕು. ಪ್ರತಿನಿಧಿ ಆಗ್ಬೇಕಂದ್ರೆ ನಿಮ್ಮ ಮೂಲೆಯೋರು ನಿಮ್ಮನ್ನ ಆರಿಸ್ಬೇಕು.”

ಗವರ್ನರ್ ಮೂಲೆಗೆ ವರ್ನಾ ಪ್ರತಿನಿಧಿಯಾಗುವುದು ಬೇಸಿಗೆಯಲ್ಲೇ ತೀರ್ಮಾನವಾಗಿತ್ತು. ಸೆನೆಟರ್ ಮೂಲೆಯಲ್ಲೂ ಅದೇ ಕಥೆ. ಕ್ವಿಲ್‌ನ ಮೂಲೆಯಲ್ಲಿ ಅವನೇ ಕಳಿಸಿದ ದಿಂಬುಗಳನ್ನು ರಾಶಿ ಹಾಕಿದ್ದರು. ಅಲ್ಲಿ ನಿಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಉಳಿದದ್ದು ಬಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗಿನ ‘ಯಾರೂ ಬೇಡ’ ಮೂಲೆ. ಮೂವರನ್ನೂ ಒಲ್ಲದವರು ನಿಲ್ಲುವ ಜಾಗ. ಅಲ್ಲಿ ಕ್ಲೆಮ್ ಒಬ್ಬನೇ ಇದ್ದ. ಮಿಲೋನ ಜೊತೆ ಧಾನ್ಯದ ಗೋದಾಮಿನಲ್ಲಿ ಮೂವತ್ತು ವರ್ಷ ದುಡಿದವನು.

“ನೀನು ಯಾಕೆ ಇಲ್ಲಿ?” ಎಂದಳು.

“ಇಲ್ಲಿ ಮಾತ್ರ ಕುರ್ಚಿ ಇತ್ತು,” ಎಂದ ಕ್ಲೆಮ್.

ಏಳು ಗಂಟೆಗೆ ಬಾಗಿಲು ಹಾಕಿ ತಲೆ ಎಣಿಸಿದರು. ಒಟ್ಟು ಅರವತ್ತೆಂಟು. ಹನ್ನೊಂದು ತಲೆ ಇಲ್ಲದ ಮೂಲೆ ಲೆಕ್ಕಕ್ಕಿಲ್ಲ, ಅದರಲ್ಲಿದ್ದವರು ಬೇರೆ ಮೂಲೆಗೆ ಹೋಗಬೇಕು. ಗವರ್ನರ್‌ಗೆ ಮೂವತ್ತು, ಸೆನೆಟರ್‌ಗೆ ಇಪ್ಪತ್ತೈದು, ಕ್ವಿಲ್‌ಗೆ ಒಂಬತ್ತು. ಯಾರೂ ಬೇಡ ಅಂದವರು ನಾಲ್ಕು: ಆರ್ಡಿತ್, ಕ್ಲೆಮ್, ಮತ್ತೆ ಒಬ್ಬರೊಬ್ಬರ ಮೇಲೆ ಕೋಪ ಮಾಡಿಕೊಂಡು ಒಬ್ಬರು ಆರಿಸಿದ ಮೂಲೆಗೆ ಇನ್ನೊಬ್ಬರು ಹೋಗಲೊಲ್ಲದ ಗಂಡ ಹೆಂಡತಿ.

ಜಾಗ ಬದಲಿಸಲು ಅರ್ಧ ಗಂಟೆ ಕೊಟ್ಟರು. ಜಿಮ್ಮು ಸಂತೆಯಾಯಿತು. ವರ್ನಾ ಓಡಿ ಬಂದು ಆರ್ಡಿತ್‌ಳ ತೋಳು ಹಿಡಿದಳು.

“ನಾಲ್ಕು ಜನ ಕಟ್ಕೊಂಡು ಏನು ಮಾಡ್ತೀಯೇ? ಬಾ. ಮಿಲೋ ನಮ್ಮ ಗವರ್ನರ್‌ಗೇ ಸಹಿ ಹಾಕಿದ್ದ.”

“ಎಲ್ಲರಿಗೂ ಹಾಕಿದ್ದ. ಕೈ ಬಿಡು.”

ಕ್ವಿಲ್‌ನ ಒಂಬತ್ತು ಜನರೂ ಅತಂತ್ರರಾಗಿದ್ದರು. ಆರ್ಡಿತ್‌ಗೆ ಭಾಷಣ ಬರುವುದಿಲ್ಲ. ಅವಳು ಕೊಲಾಚೆಯ ಮೇಲಿನ ಬಟ್ಟೆ ತೆಗೆದು ತಟ್ಟೆಯನ್ನು ಕ್ಲೆಮ್‌ನ ತೊಡೆಯ ಮೇಲಿಟ್ಟಳು. ಒಬ್ಬ ಬಂದ.

“ಗಸಗಸೆದಾ?”

“ಗಸಗಸೆದು ಈ ಮೂಲೆಯೋರಿಗೆ ಮಾತ್ರ.”

“ನಿಂತ್ಕೊಂಡ್ರೆ ಎಷ್ಟು ಕೊಡ್ತೀರಿ?”

“ಒಂದು. ಶಾಲೇಲಿ ಎರಡು ಕದೀತಿದ್ದೆ, ಗೊತ್ತಿದೆ ನಂಗೆ.”

ನಿಂತ. ಅವನ ತಂಗಿ ಬಂದಳು. ಐವರು ಹಿಂದೆಯೇ ಬಂದರು. ಉಳಿದ ಇಬ್ಬರಿಗೆ ಗಸಗಸೆ ಆಗದು, ಒಬ್ಬ ಗವರ್ನರ್ ಕಡೆ ಹೋದ, ಇನ್ನೊಬ್ಬ ಸೆನೆಟರ್ ಕಡೆ.

“ಇದು ಲಂಚ,” ಎಂದಳು ವರ್ನಾ.

“ನಿಮ್ಮ ಮೂಲೇಲಿ ಕಡಲೆಕಾಯಿ ಚಿಕ್ಕಿ ಇಟ್ಟಿದೀರಲ್ಲ?”

“ಅದು ಆತಿಥ್ಯ.”

ಡ್ವೇನ್ ಮತ್ತೆ ಎಣಿಸಿದ. ಬೆರಳು ಮಡಿಸಿ ಎರಡು ಸಲ ಎಣಿಸಿದ. ಹನ್ನೊಂದು. ಯಾರೂ ಬೇಡ ಅನ್ನುವವರಿಗೂ ಒಬ್ಬ ಪ್ರತಿನಿಧಿಯ ಜಾಗ ಸಿಕ್ಕಿತು. ಮಾರ್ಚಿನ ಒಂದು ಶನಿವಾರವಿಡೀ ಕೌಂಟಿ ಸಮ್ಮೇಳನದಲ್ಲಿ ಕೂತಿರಲು ಯಾರು ತಯಾರು ಎಂದು ಕೇಳಿದಾಗ ಹತ್ತು ಜನ ತಮ್ಮ ಬೂಟು ನೋಡಿಕೊಂಡರು. ಆರ್ಡಿತ್ ಕೈ ಎತ್ತಿದಳು.

ಯಾರಿಗೂ ಕಟ್ಟುಬೀಳದ ಪ್ರತಿನಿಧಿ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಲ್ಲ. ಎಲ್ಲ ಊರುಗಳ ಲೆಕ್ಕ ಸೇರಿ ಕೌಂಟಿಯಲ್ಲಿ ಗವರ್ನರ್ ಮತ್ತು ಸೆನೆಟರ್ ಸಮಸಮ ಬಂದಿದ್ದರು. ಯಾವ ಕಡೆಗಾದರೂ ಹೋಗಬಹುದಾದ ತಲೆ ಅವಳದೊಂದೇ. ಮರುದಿನ ಬೆಳಿಗ್ಗೆ ಎಂಟಕ್ಕೆ ಫೋನು ಬಂತು.

“ಆರ್ಡಿತ್ ಸೊಬೊಟ್ಕಾ ಇದಾರಾ? ಗವರ್ನರ್ ಕಚೇರಿಯಿಂದ. ನಿಮ್ಮ ಬೆಂಬಲಕ್ಕೆ ನಾವು ಏನು ಮಾಡ್ಬೋದು?”

ಆರ್ಡಿತ್ ಕುರ್ಚಿ ಎಳೆದುಕೊಂಡು ಕೂತಳು. “ಮಿಲೋ ಸೊಬೊಟ್ಕಾ ಅಂತ ಹೆಸರಿದೆ. ಪಕ್ಷದ ಪಟ್ಟಿಯಿಂದ ತೆಗೆಸಿ. ಆಮೇಲೆ ಯೋಚ್ನೆ ಮಾಡ್ತೀನಿ.”

ಒಂಬತ್ತಕ್ಕೆ ಸೆನೆಟರ್ ಕಡೆಯವರು. ಅವರಿಗೂ ಅದನ್ನೇ ಹೇಳಿದಳು. ಹನ್ನೊಂದಕ್ಕೆ ಗವರ್ನರ್ ಕಡೆಯವನು ತೆಗೆಸಿದೆ ಎಂದ. ಹನ್ನೊಂದೂವರೆಗೆ ಸೆನೆಟರ್ ಕಡೆಯವಳು, ತೆಗೆಸಿದ್ದು ನಾವು, ಅವರ ಮಾತು ನಂಬಬೇಡಿ ಎಂದಳು. ಮೂರು ಕಾಗದಕ್ಕೆ ಅಲ್ಲಾಡದ ಹೆಸರನ್ನು ಊಟದ ಹೊತ್ತಿಗೆ ಇಬ್ಬರೂ ತೆಗೆಸಿದ್ದರು.

ಆದರೂ ಅವಳು ಕಣ್ಣಲ್ಲಿ ನೋಡದೆ ನಂಬುವವಳಲ್ಲ. ಮಾರ್ಚಿನಲ್ಲಿ ಕ್ಲೆಮ್‌ನನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಸಮ್ಮೇಳನಕ್ಕೆ ಹೋದಳು. ಬಾಗಿಲಲ್ಲೇ ಪಕ್ಷದ ಪೂರ್ತಿ ಪಟ್ಟಿ ಇಸಿದುಕೊಂಡು ಬೆರಳಿಟ್ಟು ಹುಡುಕಿದಳು. ಆರ್ಡಿತ್ ಸೊಬೊಟ್ಕಾ. ಅದರ ಕೆಳಗೆ ಇನ್ಯಾರೋ ಸ್ಟಾನೆಕ್.

ಗವರ್ನರ್ ಕಡೆಯವನು ಹಲ್ಲು ಕಿರಿಯುತ್ತ ಬಂದ. “ನಿಮ್ಮ ಕೆಲಸ ಆಯ್ತಲ್ಲ, ಮಿಸೆಸ್ ಸೊಬೊಟ್ಕಾ?”

“ಆಯ್ತು. ಉಪಕಾರ ಆಯ್ತು.”

“ಹಾಗಾದ್ರೆ ನಮ್ಮ ಕಡೆ...”

“ಯೋಚ್ನೆ ಮಾಡ್ತೀನಿ ಅಂದಿದ್ದೆ. ಮಾಡ್ದೆ. ಬೇಡ.”

ಸೆನೆಟರ್ ಕಡೆಯವಳಿಗೂ ಅದೇ ಉತ್ತರ. ಇಬ್ಬರೂ ಮುಖ ಗಂಟು ಹಾಕಿಕೊಂಡು ಹೋದರು. ಕ್ಲೆಮ್ ಎರಡು ಲೋಟ ಕಾಫಿ ತಂದು ಪಕ್ಕದಲ್ಲಿ ಕೂತ. ಆರ್ಡಿತ್ ಪಟ್ಟಿಯನ್ನು ಮಡಿಸಲೂ ಇಲ್ಲ, ಕೆಳಗಿಡಲೂ ಇಲ್ಲ.

“ಗೆದ್ದೆಯಲ್ಲ, ಮತ್ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ?” ಎಂದ.

“ಇನ್ಮೇಲೆ ಮಿಲೋ ಇದಾನಾ ಅಂತ ಯಾರೂ ಕೇಳಲ್ಲ, ಕ್ಲೆಮ್.”

ಕ್ಲೆಮ್ ಕಾಫಿ ಊದಿ ಕುಡಿದ.

“ನಾನು ಕೇಳ್ತೀನಲ್ಲ,” ಎಂದ. “ನನ್ನ ಉದ್ದದ ಏಣಿ ತಗೊಂಡು ಹೋಗಿದ್ದ. ಎಲ್ಲಿಟ್ಟಿದಾನೆ?”

“ಯಾವ ಏಣಿ? ಅದು ನಮ್ಮದು.”

“ನಿಮ್ಮದಾ? ಕೆಳಗಿನ ಮೆಟ್ಲಲ್ಲಿ ನನ್ನ ಹೆಸರು ಕೊರೆದಿದೀನಿ.”

“ಕೊರ್ಕೊಂಡಿರ್ತೀಯ, ಯಾರೂ ಇಲ್ದಾಗ ಬಂದು.”

ವೇದಿಕೆಯ ಮೇಲಿನಿಂದ ಯಾರೂ ಬೇಡ ಅನ್ನುವವರು ಕೈ ಎತ್ತಿ ಎಂದು ಕೂಗಿದರು. ಎರಡು ಸಲ ಕೂಗಬೇಕಾಯಿತು. ಆರ್ಡಿತ್ ಕೈ ಎತ್ತಿದಳು, ಆದರೆ ಮಾತು ನಿಲ್ಲಿಸಲಿಲ್ಲ.