ಬಾಗಿಲು ಹಾಕಿಕೊಳ್ಳುವ ಹುಳು, ಸಿಳ್ಳೆ ಹಾಕುವ ಬಾತು

ಪಕ್ಕದ ಮನೆಯಲ್ಲಿ ಇವತ್ತು ಕಡಲ ಬಸವನಹುಳು ಬೇಯಿಸುತ್ತಿದ್ದಾರೆ. ಉಪ್ಪು, ಪಾಚಿ, ಅರಿಶಿನ ಎಲ್ಲ ಕಲೆತ ಆ ವಾಸನೆಗೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಸಿಟ್ಟು ಬರುತ್ತದೆ. ತಪ್ಪು ಹುಳುವಿನದಲ್ಲ, ನಮ್ಮ ಅಜ್ಜಿಯದು.

ಹಿರೇಗುತ್ತಿಯಲ್ಲಿ ನಮ್ಮ ಮನೆಯ ಮುಂದೆ ಗಜನಿ, ಅಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ಗದ್ದೆಬಯಲು. ನೀರು ನಿಂತ ಕಡೆಯೆಲ್ಲ ಸಿಳ್ಳೆಬಾತುಗಳು ಬಂದಿಳಿಯುತ್ತಿದ್ದವು. ಈ ಬಾತುಗಳು ಹಾರುತ್ತಲೇ ಸಿಳ್ಳೆ ಹಾಕುತ್ತವೆ. ನಾನೂ ಅಂಗಳದ ತುದಿಯಲ್ಲಿ ನಿಂತು ತಿರುಗಿ ಹಾಕುತ್ತಿದ್ದೆ. ಚೆನ್ನಾಗಿಯೇ ಹಾಕುತ್ತಿದ್ದೆನೆಂದು ನನ್ನ ನಂಬಿಕೆ. ಬಾತುಗಳ ಅಭಿಪ್ರಾಯ ಬೇರೆ ಇದ್ದಿರಬೇಕು, ಒಂದೂ ಹತ್ತಿರ ಬರಲಿಲ್ಲ.

ಅದು ಐವತ್ತರ ದಶಕದ ಕೊನೆ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಕುಮಟೆಯ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗಬೇಕೆಂದು ನನ್ನ ಹಟ. ಅಜ್ಜಿ ಬೇಡವೆಂದಳು. ಅಪ್ಪ ಅವಳ ಮಾತು ಮೀರುವವನಲ್ಲ. ನಾನು ಅಳಲಿಲ್ಲ, ಅಂಗಳಕ್ಕಿಳಿದು, ಊರಿಗೆಲ್ಲ ಕೇಳುವಂತೆ ಸಿಳ್ಳೆ ಹಾಕಿದೆ.

ಅಜ್ಜಿ ಕಿವಿ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಬೋಗುಣಿಯಲ್ಲಿ ಜೀವಂತ ಹುಳುಗಳಿದ್ದವು. ಅರ್ಧದಷ್ಟು ಆಗಲೇ ಒಲೆಯ ಮೇಲೆ. ಬೋಗುಣಿಯದೊಂದನ್ನು ಬೆರಳಿನಿಂದ ಮುಟ್ಟಿದಳು. ಅದು ಸರ್ರನೆ ಚಿಪ್ಪಿನೊಳಗೆ ಸರಿದು ಮುಚ್ಚಳ ಎಳೆದುಕೊಂಡಿತು.

“ಕಂಡ್ಯಾ? ಮುಟ್ಟಿದ್ರೆ ಸಾಕು, ಬಾಗಿಲ ಹಾಕ್ಕಂತದೆ. ಹೆಣ್ಣು ಅಂದ್ರೆ ಹಿಂಗಿರಬೇಕು. ನೀ ಎಂತ, ಗಜನಿ ಬಾತೇನೆ?”

ಒಲೆಯ ಮುಂದೆ ಅಮ್ಮ ಕೂತಿದ್ದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಒಮ್ಮೆಯೂ ಎದುರಾಡಿದವಳಲ್ಲ. ಕುದಿಯುವ ಪಾತ್ರೆಯ ಮೇಲಿನ ತಟ್ಟೆ ತೆಗೆದಳು.

“ಬಾಗಿಲ ಹಾಕ್ಕಂಡದ್ದು ಇಲ್ಲಿ ಬೇಯ್ತಾ ಅದೆ ಅತ್ತೆ,” ಅಂದಳು. “ಬಾತು ಅಲ್ಲಿ ಹಾರ್ತಾ ಅದೆ. ನನ್ ಮಗಳು ಕುಮಟೆಗೆ ಹೋಗ್ತದೆ.”

ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಅಪ್ಪ, ಶಾಲೆ ಶುರುವಾಗುವ ಹೊತ್ತಿಗೆ ತಾನೇ ಟ್ರಂಕು ಹೊತ್ತು ನನ್ನನ್ನು ಬಸ್ಸು ಹತ್ತಿಸಿದ.

ಮುಂದೆ ಹೊನ್ನಾವರದಲ್ಲಿ ಮಾಸ್ತರಣಿಯಾದೆ. ನನ್ನ ದನಿ ಪಕ್ಕದ ತರಗತಿಗೂ ಪಾಠ ಹೇಳುತ್ತಿತ್ತೆಂದು ಸಹೋದ್ಯೋಗಿಗಳು ನಗುತ್ತಿದ್ದರು. ಅಮ್ಮ ಮಾತ್ರ ಆ ದಿನದ ನಂತರ ಮತ್ತೆ ಎದುರಾಡಲಿಲ್ಲ, ತನಗಾಗಿ ಏನನ್ನೂ ಕೇಳಲಿಲ್ಲ. ಎಷ್ಟು ಕರೆದರೂ ನನ್ನ ಶಾಲೆ ನೋಡಲು ಬರಲಿಲ್ಲ. ಆ ಮನೆ ಅವಳನ್ನು ಒಲೆಯ ಮುಂದೆಯೇ ಮುಗಿಸಿತು. ಅದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ವಯಸ್ಸಾಯಿತು, ಇನ್ನಾದರೂ ಸ್ವಲ್ಪ ಮೆಲ್ಲಗೆ ಮಾತಾಡಬಾರದೇ ಎಂದು ಈಗ ನಮ್ಮ ಮನೆಯವರು ಹೇಳುತ್ತಾರೆ. ಆಗುವುದಿಲ್ಲ. ಅಮ್ಮ ಆಡದೆ ಬಿಟ್ಟದ್ದನ್ನೂ ನಾನೇ ಆಡಬೇಕು.