ಕಪ್ಪು ಚೌಕದೊಳಗಿನ ಆಂಜನೇಯ

ನಾನು ದಿನಚರಿ ಬರೆಯುವವನು. ತಾರೀಖು ಹಾಕಿ, ಅಂದಂದಿನ ಲೆಕ್ಕ ಕೂಡಿಸದಿದ್ದರೆ ನನಗೆ ಊಟ ರುಚಿಸುವುದಿಲ್ಲ. ಅಂಥ ದಿನಚರಿಯಲ್ಲಿ ಒಂದು ವಾರವಿಡೀ ಒಂದೇ ಮಾತಿದೆ: ‘ಕಪ್ಪು ಚೌಕ’. ಈಗಲೂ ಆ ಪುಟ ಕಂಡರೆ ಮೈ ಉರಿಯುತ್ತದೆ.

ಅಂತರ್ಜಾಲದಲ್ಲಿ ದಿನಕ್ಕೊಂದು ವಿಡಿಯೊ ತಾಣ ಹುಟ್ಟುತ್ತಿದ್ದ ಕಾಲ ಅದು. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ನನ್ನ ಚಿಕ್ಕಪ್ಪನ ಬಳಿ ಒಂದು ಆಂಜನೇಯ ಉಳಿದುಹೋಗಿತ್ತು. ಮಾಡಿಸಿದವರು ಕೊನೆಗೆ ಬೇಡವೆಂದಿದ್ದರು. ಗೌನಿಪಲ್ಲಿ ಕಡೆಯ ಒಂದು ದೇವಸ್ಥಾನಕ್ಕೆ ಆಂಜನೇಯ ಬೇಕಿತ್ತು. ಅದರ ಕಾರ್ಯದರ್ಶಿಯೂ ನಾನೂ ಅಂತರ್ಜಾಲದ ಒಂದೇ ಚರ್ಚಾವೇದಿಕೆಯ ಸದಸ್ಯರು. ‘ವಿಡಿಯೊ ವೇದಿಕೆಯಲ್ಲೇ ಹಾಕಿ. ಭಾನುವಾರ ಸಮಿತಿ ನೋಡುತ್ತದೆ, ಇಲ್ಲದಿದ್ದರೆ ಬೇರೆ ಶಿಲ್ಪಿಗೆ ಹೇಳುತ್ತೇವೆ’ ಎಂದು ಅವರು ಬರೆದರು.

ವಿಡಿಯೊ ತೆಗೆದೆ. ಚಿಕ್ಕಪ್ಪನದೊಂದು ಪದ್ಧತಿ: ಕಣ್ಣು ಬಿಡಿಸುವುದು ಕೊನೆಗೆ, ಅದೂ ಒಯ್ಯುವವರ ಎದುರಿಗೇ. ಅಲ್ಲಿಯವರೆಗೆ ಮುಖವನ್ನು ಯಾರಿಗೂ ತೋರಿಸುವುದಿಲ್ಲ. ತಮ್ಮ ಟವಲನ್ನೇ ಒದ್ದೆ ಮಾಡಿ ಸ್ವಾಮಿಯ ಮುಖಕ್ಕೆ ಹೊದಿಸಿದರು. ಹುಟ್ಟಿದಾಗಿನಿಂದ ಕಂಡದ್ದಾದ್ದರಿಂದ ನನಗದು ವಿಶೇಷವೆನ್ನಿಸಲೇ ಇಲ್ಲ.

ಮಾಲೂರಿನ ಸೈಬರ್ ಕೆಫೆಯಲ್ಲಿ ಶುರುವಾಯಿತು ನನ್ನ ಗ್ರಹಚಾರ. ಮೊದಲನೆಯ ತಾಣಕ್ಕೆ ವಿಡಿಯೊ ಏರಿಸಿದರೆ, ವೇದಿಕೆಯಲ್ಲಿ ಅಂಟಿಸಲೆಂದು ಮೊಳದುದ್ದದ ಸಂಕೇತ ಕೊಟ್ಟಿತು. ವೇದಿಕೆ ಅದನ್ನು ಅಕ್ಷರವಾಗಿಯೇ ಅಚ್ಚು ಹಾಕಿ ಕೂತಿತು. ಎರಡನೆಯದಕ್ಕೆ ವಿಡಿಯೊ ವಿಳಾಸದ ಬಾಲದ ಅಂಕಿಗಳು ಮಾತ್ರ ಬೇಕು. ಇಡೀ ವಿಳಾಸ ಕೊಟ್ಟರೆ ವಿಡಿಯೊ ಓಡಬೇಕಾದಲ್ಲಿ ಬರೀ ಕಪ್ಪು ಚೌಕ. ಮೂರನೆಯದಕ್ಕೆ ಇಡೀ ವಿಳಾಸವೇ ಬೇಕು. ಬಾಲ ಕೊಟ್ಟರೆ ಕಪ್ಪು ಚೌಕ. ಯಾಕೆ ಸ್ವಾಮಿ? ಹಾಲು ಮುಳಬಾಗಿಲಿನದಾದರೂ ಲಕ್ಕೂರಿನದಾದರೂ ನಾವು ಒಂದೇ ಲೋಟದಲ್ಲಿ ಕುಡಿಯುವುದಿಲ್ಲವೆ? ಅಳತೆ ಹೇಳಿ ಕಳಿಸಿದರೆ ಒಂದೂರಿನ ಪೀಠದ ಕುಳಿಗೆ ಇನ್ನೊಂದೂರಿನ ವಿಗ್ರಹ ಒಪ್ಪವಾಗಿ ಕೂರುತ್ತದೆ. ಕಲ್ಲಿಗೆ ಸಾಧ್ಯವಾದದ್ದು ಕಂಪ್ಯೂಟರಿಗೆ ಆಗದೆ?

ದೂರು ಕೊಟ್ಟೆ. ವೇದಿಕೆಯ ನಿರ್ವಾಹಕ ‘ನಿಯಮಾವಳಿ ಓದಿ’ ಎಂದು ಎರಡೇ ಪದ ದಯಪಾಲಿಸಿದ. ಓದಿದೆ. ಅಲ್ಲಿ ಮಾದರಿಗೆಂದು ಹಾಕಿದ್ದ ವಿಡಿಯೊವೂ ಕಪ್ಪು ಚೌಕವೇ!

ಶುಕ್ರವಾರ ಕೆಫೆಗೆ ಬಂದ ಚಿಕ್ಕಪ್ಪ ಪರದೆಯ ಮೇಲಿನ ಕಪ್ಪು ಚೌಕವನ್ನು ಬಗ್ಗಿ ನೋಡಿದರು. “ಏನ್ಲಾ, ಕಲ್ಲು ಚೆನ್ನಾಗಿ ನಯ ಮಾಡಿದ್ದೀಯ. ಕೆತ್ತೋದು ಯಾವಾಗ?”

“ನಗ್ಬೇಡ ಚಿಕ್ಕಪ್ಪ, ಭಾನುವಾರ ತಪ್ಪಿದ್ರೆ ಆಂಜನೇಯ ನಿನ್ ಕೊಟ್ಟಿಗೇಲೇ!”

“ಗೌನಿಪಲ್ಲಿಯಿಂದ ಬಸ್ ಇಲ್ವೇನೋ? ಅವ್ರೇ ಬಂದ್ ನೋಡ್ಲಿ.”

ಬಸ್ಸಂತೆ! ಮತ್ತೆ ಕಂಪ್ಯೂಟರಿನತ್ತಲೇ ತಿರುಗಿದೆ. ಶನಿವಾರ ನಾಲ್ಕನೆಯ ತಾಣದಿಂದ ಕೊನೆಗೂ ವಿಡಿಯೊ ಓಡಿತು. ಜಗತ್ತನ್ನೇ ಗೆದ್ದವನಂತೆ ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ನೋಡಿದರೆ ಚಿಕ್ಕಪ್ಪನ ಅಂಗಳದಲ್ಲಿ ಸಮಿತಿಗೆ ಸಮಿತಿಯೇ ನಿಂತಿದೆ. ಕಾರ್ಯದರ್ಶಿ ನನ್ನ ಮೇಲೆ ಹರಿಹಾಯ್ದರು: “ಏಮಪ್ಪಾ, ಅಷ್ಟೊತ್ತು ವಿಡಿಯೊ ತೆಗೆದು ಸ್ವಾಮಿ ಮುಖಕ್ಕೆ ಟವಲ್ಲಾ? ಒಬ್ಬರಿಗೂ ತಡೆಯೋಕಾಗ್ಲಿಲ್ಲ, ಮೊದಲ್ನೇ ಬಸ್ಸಿಗೇ ಬಂದ್ವಿ!”

ಚಿಕ್ಕಪ್ಪ ನನ್ನತ್ತ ತಿರುಗಿಯೂ ನೋಡಲಿಲ್ಲ. “ಒಯ್ಯೋರು ನೀವೇ ಅಂದ್ರೆ ಟವಲ್ ತೆಗೀತೀನಿ.”

“ತೆಗೀರಿ ಸಾಮಿ. ವ್ಯಾನಿಗೆ ಹೇಳ್ಬಿಟ್ಟೇ ಬಂದಿದೀವಿ.”

ಚಿಕ್ಕಪ್ಪ ಸಣ್ಣ ಉಳಿ ಎತ್ತಿಕೊಂಡರು. ನಾನು ಕ್ಯಾಮೆರಾ ಎತ್ತಿದೆ. “ಒಳಗಿಡೋ ಅದನ್ನ” ಎಂದರು.

ನನ್ನ ಕೋಪ ಇನ್ನೂ ಇಳಿದಿಲ್ಲ. ಆ ನಾಲ್ಕನೆಯ ತಾಣವೂ ಈಗ ಮುಚ್ಚಿಹೋಗಿ ವೇದಿಕೆಯಲ್ಲಿ ಮತ್ತೆ ಕಪ್ಪು ಚೌಕವೇ ಉಳಿದಿದೆ. ಸ್ವಾಮಿ ಮಾತ್ರ ಗೌನಿಪಲ್ಲಿ ಕಡೆಯ ಆ ದೇವಸ್ಥಾನದಲ್ಲಿ ಕಣ್ಣು ಬಿಟ್ಟುಕೊಂಡು ನಿಂತಿದ್ದಾನೆ. ಅರ್ಚಕರು ಬಾಗಿಲು ತೆಗೆದರೆ ಸಾಕು, ಕಾಣಿಸುತ್ತಾನೆ.